ಜೆರುಸಲೇಮಿನ ಪವಿತ್ರ ಸಮಾಧಿ ದೇವಾಲಯ: ಮಬ್ಬು ಬೆಳಕಿನಲ್ಲಿ ಫೋಟೊ ತೆಗೆಯುವ ಬಗೆ

ಮಂಗಳೂರು, ಉಡುಪಿ, ಬೆಂಗಳೂರು ಕಡೆಯಿಂದ ಪವಿತ್ರ ನಾಡಿನ ಯಾತ್ರೆಗೆ ಹೋಗುವ ತಂಡಗಳಿಗೆ, ಯೇಸುವಿನದೆಂದು ನಂಬುವ ಸಮಾಧಿಯಿರುವ ಈ ದೇವಾಲಯದೊಳಗೆ ಸಿಗುವುದು ಹೆಚ್ಚೆಂದರೆ ಒಂದೆರಡು ಗಂಟೆ. ಅದರಲ್ಲೂ ಬಹುಪಾಲು ಸಮಾಧಿಯ ಮುಂದಿನ ಸಾಲಿನಲ್ಲೇ ಕಳೆದುಹೋಗುತ್ತದೆ. ಊರಿಗೆ ಬಂದು ಫೋಟೊ ತೆರೆದರೆ ದೀಪಗಳೆಲ್ಲ ಬಿಳಿ ಬೊಟ್ಟು, ಮುಖಗಳೆಲ್ಲ ಕಿತ್ತಳೆ, ಅರ್ಧಕ್ಕರ್ಧ ಅಲುಗಿದವು. ಕ್ಯಾಮೆರಾ ಅಗ್ಗದ್ದು ಎಂದು ಅದರ ಮೇಲೆ ತಪ್ಪು ಹೊರಿಸುವವರೇ ಹೆಚ್ಚು. ನಿಜವಾದ ತೊಂದರೆ ಬೇರೆ: ಈ ಒಂದೇ ಕಟ್ಟಡದೊಳಗೆ ಐದಾರು ಬಗೆಯ ಬೆಳಕಿದೆ, ಹತ್ತು ಹೆಜ್ಜೆಗೊಮ್ಮೆ ಅದು ಬದಲಾಗುತ್ತದೆ, ನಾವು ಮಾತ್ರ ಬಾಗಿಲಲ್ಲಿ ಇಟ್ಟ ಸೆಟ್ಟಿಂಗ್ ಮುಟ್ಟದೆ ನಡೆಯುತ್ತೇವೆ.

ಒಳಗೆ ಇಷ್ಟು ಕತ್ತಲೇಕೆ ಎಂಬುದನ್ನು ತಿಳಿದುಕೊಂಡರೆ ಎಲ್ಲಿ ನಿಲ್ಲಬೇಕು ಎನ್ನುವುದೂ ಹೊಳೆಯುತ್ತದೆ. 335ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ ಪ್ರತಿಷ್ಠೆಯಾದ ಮೂಲ ಕಟ್ಟಡವನ್ನು 1009ರಲ್ಲಿ ಖಲೀಫ ಅಲ್-ಹಕೀಮ್ ಕೆಡವಿಸಿದ. ಬೈಜಾಂಟಿಯಂನವರು 1048ರ ಹೊತ್ತಿಗೆ ಒಂದು ಭಾಗವನ್ನು ಮತ್ತೆ ಎತ್ತಿದರು. ಕ್ರುಸೇಡ್ ಯೋಧರು ಕಲ್ವಾರಿ (ಯೇಸುವನ್ನು ಶಿಲುಬೆಗೇರಿಸಿದರೆಂದು ನಂಬುವ ಬಂಡೆ), ಸಮಾಧಿ ಎರಡನ್ನೂ ಒಂದೇ ಸೂರಿನಡಿ ತಂದು 1149ರಲ್ಲಿ ಪ್ರತಿಷ್ಠೆ ಮಾಡಿದರು. ದಕ್ಷಿಣದ ಅಂಗಳಕ್ಕೆ ತೆರೆಯುತ್ತಿದ್ದ ಜೋಡಿ ಬಾಗಿಲಲ್ಲಿ ಬಲಗಡೆಯದನ್ನು ಕಲ್ಲಿಟ್ಟು ಮುಚ್ಚಿ ಶತಮಾನಗಳಾದವು. 1808ರ ಬೆಂಕಿಯ ನಂತರ ಬಾಗಿಲಿಗೆ ಎದುರಾಗಿ ಒಂದು ಗೋಡೆಯೂ ಎದ್ದಿತು. ಹೊಸ್ತಿಲು ದಾಟಿದ ಹಗಲಿನ ಬೆಳಕು ಅಲ್ಲಿಗೇ ನಿಲ್ಲುತ್ತದೆ. ಇನ್ನು ಹಗಲು ಇಳಿಯುವುದು ಮುಖ್ಯವಾಗಿ ಎರಡು ಗುಮ್ಮಟಗಳಿಂದ, ಒಂದು ಸಮಾಧಿಯ ಮೇಲಿನದು, ಇನ್ನೊಂದು ಕ್ಯಾಥೊಲಿಕಾನ್ ಎಂಬ ಗ್ರೀಕರ ಮುಖ್ಯ ಪ್ರಾರ್ಥನಾ ಹಜಾರದ ಮೇಲಿನದು. ಉಳಿದದ್ದೆಲ್ಲ ಎಣ್ಣೆದೀಪ, ಮೇಣದಬತ್ತಿ, ಬಲ್ಬು.

ಹೋಗುವ ಮುನ್ನ

ಟ್ರೈಪಾಡ್ ಒಯ್ಯಬೇಡಿ. ಅನುಮತಿಯಿಲ್ಲದೆ ಬಿಡುವುದಿಲ್ಲ. ಅನುಮತಿ ಪಡೆಯುವುದೂ ಒಂದು ಕಡೆ ಮುಗಿಯುವ ಕೆಲಸವಲ್ಲ: ಗ್ರೀಕ್ ಆರ್ಥೊಡಾಕ್ಸ್, ಫ್ರಾನ್ಸಿಸ್ಕನ್ ಕಥೋಲಿಕರು, ಅರ್ಮೇನಿಯನ್ನರು, ಕಾಪ್ಟರು, ಸಿರಿಯನ್ನರು, ಇಥಿಯೋಪಿಯನ್ನರು ಎಂದು ಆರು ಸಮುದಾಯಗಳು ಇಲ್ಲಿವೆ. ಯಾವ ಮೂಲೆ ಯಾರದು ಎಂಬುದು 1852ರ ಒಟ್ಟೊಮನ್ ಫರ್ಮಾನಿನ (ಸುಲ್ತಾನನ ಆಜ್ಞೆಯ) ಯಥಾಸ್ಥಿತಿ ನಿಯಮಕ್ಕೆ ಕಟ್ಟುಬಿದ್ದಿದೆ. ಫ್ರಾನ್ಸಿಸ್ಕನ್ನರು ಕೊಟ್ಟ ಒಪ್ಪಿಗೆ ನಾಲ್ಕು ಹೆಜ್ಜೆ ಆಚೆಯ ಗ್ರೀಕ್ ಪೀಠದಲ್ಲಿ ನಡೆಯದು. ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಸಾಮಾನ್ಯವಾಗಿ ಯಾರ ಆಕ್ಷೇಪವೂ ಇಲ್ಲ. ಸನ್ಯಾಸಿ ಕೈ ಅಡ್ಡ ಮಾಡಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ವಾದಕ್ಕಿಳಿಯಬೇಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಲೆನ್ಸ್ ಎರಡು ಸಾಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗೆ 16ರಿಂದ 35 ಮಿ.ಮೀ. ಆಸುಪಾಸಿನ ಒಂದು ವೈಡ್, ಜೊತೆಗೆ ಎಫ್ 1.8ರ (ಎಫ್ ಅಂಕೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ) 50 ಅಥವಾ 85 ಮಿ.ಮೀ. ಚಿಕ್ಕ ಸೆನ್ಸರಿನ ಎಪಿಎಸ್-ಸಿ ಆದರೆ 10ರಿಂದ 18, ಮತ್ತು 35 ಎಫ್ 1.8. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ವೈಡ್ ಬಿಟ್ಟು ಎಫ್ 1.8 ಒಯ್ಯಿರಿ. ಇಡೀ ಗುಮ್ಮಟದ ಒಳ್ಳೆಯ ಚಿತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ನಿಮ್ಮ ಜೊತೆಯವರ ಮುಖ ದೀಪದ ಬೆಳಕಲ್ಲಿ ಹೇಗಿತ್ತು ಎಂಬುದು ಸಿಗುವುದಿಲ್ಲ.

ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಬಿಚ್ಚಿಡಿ. ಕತ್ತಲಲ್ಲಿ ನೂರಾರು ದೀಪ ಉರಿಯುವಾಗ ಆ ಚಪ್ಪಟೆ ಗಾಜು ಪ್ರತಿ ಜ್ವಾಲೆಗೂ ಒಂದು ಹಸಿರು ಪಡಿನೆರಳನ್ನು ಚಿತ್ರದ ಎದುರು ಮೂಲೆಯಲ್ಲಿ ಮೂಡಿಸುತ್ತದೆ. ಪೋಲರೈಸರ್ ಕೂಡ ಬೇಡ, ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಇಮ್ಮಡಿ).

ಪ್ರವಾಸಿ ತಂಡಗಳು ದಟ್ಟೈಸುವುದು ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ. ಬಾಗಿಲು ಚಳಿಗಾಲದಲ್ಲಿ ನಸುಕಿನ 4ಕ್ಕೆ, ಬೇಸಿಗೆಯಲ್ಲಿ 5ಕ್ಕೆ ತೆರೆಯುತ್ತದೆ. ಹೋಟೆಲು ಹಳೆ ನಗರದ ಹತ್ತಿರವಿದ್ದರೆ ಗುಂಪಿನೊಂದಿಗೆ ಪ್ರಾರ್ಥನೆಗೆ ಒಮ್ಮೆ, ಕ್ಯಾಮೆರಾದೊಂದಿಗೆ ಬೆಳಗಿನ ಜಾವ ಇನ್ನೊಮ್ಮೆ ಹೋಗುವುದು ಉತ್ತಮ. ಎರಡನ್ನೂ ಒಟ್ಟಿಗೆ ಮಾಡಹೊರಟರೆ ಎರಡೂ ಕೆಡುತ್ತವೆ.

ಒಮ್ಮೆ ಇಟ್ಟರೆ ಮುಟ್ಟಬೇಕಿಲ್ಲದ ಸೆಟ್ಟಿಂಗ್‌ಗಳು

ಫೈಲು ರಾ (ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಬಗೆ) ಆಗಿರಲಿ. ಫ್ಲ್ಯಾಶ್, ಫೋಕಸಿಗೆ ನೆರವಾಗುವ ಕೆಂಪು ದೀಪ, ಬೀಪ್ ಸದ್ದು ಮೂರನ್ನೂ ಅಂಗಳದಲ್ಲೇ ಆರಿಸಿ. ಫ್ಲ್ಯಾಶ್ ಬೆಳಕು ಐದಾರು ಮೀಟರಿನಾಚೆ ಹೇಗೂ ತಲುಪುವುದಿಲ್ಲ. ಮುಂದಿನವರ ಬೆನ್ನನ್ನು ಬೆಳ್ಳಗೆ ಮಾಡಿ, ಹಿಂದಿನ ಪೀಠವನ್ನು ಕಪ್ಪಾಗಿಸಿ, ಪ್ರಾರ್ಥಿಸುತ್ತಿರುವವರ ಕಣ್ಣು ಕುಕ್ಕುವುದಷ್ಟೇ ಅದರ ಕೆಲಸ.

ಶಟರ್ ವೇಗ 1/50 ಅಥವಾ 1/100, ಇವೆರಡರಲ್ಲಿ ಒಂದು. ಅಲ್ಲಿನ ವಿದ್ಯುತ್ತು ನಮ್ಮಂತೆಯೇ 50 ಹರ್ಟ್ಸ್. ಸೋವಿ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/50, 1/100 ಆ ಮಿನುಗಿನ ಲಯಕ್ಕೆ ಸರಿಯಾಗಿ ಕೂರುತ್ತವೆ. 1/125, 1/200ಕ್ಕೆ ಹೋದರೆ ಅಮೃತಶಿಲೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ ಬೀಳಬಹುದು. ಅಮೆರಿಕದವರ ಪಾಠಗಳಲ್ಲಿ 1/60 ಎಂದು ಕಾಣುತ್ತದೆ, ಅದು 60 ಹರ್ಟ್ಸ್ ದೇಶದ ಲೆಕ್ಕ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುವ ಆಸೆ ಬರುತ್ತದೆ. ಆದರೆ ಪಟ್ಟೆಯ ಕಾಟ ಹೆಚ್ಚುವುದೂ ಅದರಲ್ಲೇ. ಮೊದಲು ಒಂದು ಫ್ರೇಮ್ ತೆಗೆದು ಹಿಗ್ಗಿಸಿ ನೋಡಿ, ಪಟ್ಟೆ ಕಂಡರೆ ಮೆಕ್ಯಾನಿಕಲ್ ಶಟರಿಗೆ ಮರಳಿ.

ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಲೆಕ್ಕಹಾಕಿದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ರಲ್ಲಿ ಇಟ್ಟು ಶುರು ಮಾಡಿ. ಕ್ಯಾಮೆರಾ ಎಂಬುದು ಕತ್ತಲು ಕಂಡರೆ ಬೆಳಗಿಸಲು ಹೊರಡುತ್ತದೆ. ಹಾಗೆ ಬೆಳಗಿದ ಈ ದೇವಾಲಯ ಮದುವೆ ಹಾಲ್‌ನಂತೆ ಕಾಣುತ್ತದೆ. ಜ್ವಾಲೆಯ ನಡುಭಾಗ ಬೆಳ್ಳಗಾದರೆ ಚಿಂತೆಯಿಲ್ಲ. ಜ್ವಾಲೆಯ ಸುತ್ತಲಿನ ಕೆಂಪು ಗಾಜಿನ ಬಣ್ಣ ಉಳಿಯಿತೇ ಎಂದು ನೋಡಿ. ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎಲ್ಲ ಸರಿಯಿದೆ ಎಂದು ತೋರಿಸುವಾಗಲೇ ಕೆಂಪು ಚಾನೆಲ್ ಮಿತಿಮೀರಿ ವಿವರ ಕಳೆದುಕೊಂಡಿರುತ್ತದೆ, ಹಾಗಾಗಿ ಮೂರು ಬಣ್ಣದ ಹಿಸ್ಟೋಗ್ರಾಮ್ ತೆರೆದಿಟ್ಟುಕೊಳ್ಳಿ.

ಕೈ ಅಲುಗದಿರಲು: ಭುಜವನ್ನು ಕಂಬಕ್ಕೆ ಒರಗಿಸಿ, ಕ್ಯಾಮೆರಾ ಪಟ್ಟಿಯನ್ನು ಕತ್ತಿಗೆ ಬಿಗಿಯಾಗುವಂತೆ ಮುಂದಕ್ಕೆ ಚಾಚಿ, ಉಸಿರು ಬಿಡುತ್ತಾ ಮೂರರಿಂದ ಐದು ಫ್ರೇಮ್ ಒಟ್ಟಿಗೆ ಹೊಡೆಯಿರಿ. ಬಟನ್ ಒತ್ತುವಾಗ, ಬಿಡುವಾಗ ಅಲುಗುವುದೇ ಹೆಚ್ಚಾದ್ದರಿಂದ ನಡುವಿನ ಒಂದು ಫ್ರೇಮ್ ಸ್ಪಷ್ಟವಾಗಿರುತ್ತದೆ. ಪೀಠದ ಅಂಚು, ದೀಪದ ಕಟ್ಟೆಗಳ ಮೇಲೆ ಕ್ಯಾಮೆರಾ ಇಡಬೇಡಿ.

ಲೇಪನ ಶಿಲೆ

ಒಳಗೆ ಹೋದೊಡನೆ ಎದುರಿಗೇ ಸಿಗುವ ಕೆಂಪು ಛಾಯೆಯ ಚಪ್ಪಡಿ. ಯೇಸುಸ್ವಾಮಿಯ ಪಾರ್ಥಿವ ಶರೀರಕ್ಕೆ ಸುಗಂಧ ಲೇಪಿಸಿದ ತಾಣವೆಂದು ಭಕ್ತರು ಮಂಡಿಯೂರಿ ಮುತ್ತಿಡುತ್ತಾರೆ. ಈಗಿನ ಚಪ್ಪಡಿ 1810ರ ದುರಸ್ತಿಯ ಕಾಲದ್ದು. ಮೇಲೆ ಎಂಟು ದೀಪಗಳ ಸಾಲು, ಹಿಂದಿನ ಗೋಡೆಯಲ್ಲಿ ದೊಡ್ಡ ಮೊಸಾಯಿಕ್.

ಎಲ್ಲರೂ ಬಾಗಿಲಿಗೆ ಬೆನ್ನು ಮಾಡಿ ನೇರ ಎದುರಿನಿಂದ ತೆಗೆಯುತ್ತಾರೆ. ಅಲ್ಲಿ ಸಿಗುವುದು ಬಗ್ಗಿದವರ ಬೆನ್ನುಗಳ ಸಾಲು. ಚಪ್ಪಡಿಯ ತುದಿಗೆ, ಎಡಕ್ಕೋ ಬಲಕ್ಕೋ, ಹೋಗಿ ನೀವೂ ಮಂಡಿಯೂರಿ. ಬಾಗಿಲಿನ ನೀಲಿಛಾಯೆಯ ಹಗಲು ಮುಖದ ಒಂದು ಬದಿಗೆ, ದೀಪದ ಹಳದಿ ಇನ್ನೊಂದು ಬದಿಗೆ ಬೀಳುತ್ತದೆ. ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 1600, ಎಫ್ 2.8, 1/100 ಇಲ್ಲಿ ಶುರು ಮಾಡಲು ಸರಿ. ನಯಗೊಂಡ ಕಲ್ಲಿನಲ್ಲಿ ದೀಪಗಳ ಪ್ರತಿಬಿಂಬ ಬೇಕೆಂದರೆ ಕ್ಯಾಮೆರಾ ಚಪ್ಪಡಿಯ ಮಟ್ಟಕ್ಕಿಂತ ಒಂದು ಗೇಣಿನಷ್ಟೇ ಮೇಲಿರಲಿ. ಪ್ರತಿಬಿಂಬಕ್ಕೆ ಫೋಕಸ್ ಮಾಡಿದರೆ ಕಲ್ಲಿನ ಮೈ ಮಸುಕಾಗುತ್ತದೆ, ಕಲ್ಲಿಗೆ ಮಾಡಿದರೆ ದೀಪ ಮಸುಕಾಗುತ್ತದೆ. ಎಫ್ 5.6ಕ್ಕೆ ಹೋದರೂ ಎರಡೂ ಪೂರ್ತಿ ಸಿಗುವುದಿಲ್ಲ, ಒಂದನ್ನು ಆರಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರ. ಭಕ್ತರು ಕಲ್ಲಿನ ಮೇಲೆ ಸುಗಂಧ ತೈಲ ಸುರಿದು ಕರವಸ್ತ್ರದಿಂದ ಒರೆಸಿಕೊಳ್ಳುತ್ತಾರೆ. ನೀವೂ ಮುಟ್ಟಿ ನಮಸ್ಕರಿಸಿ, ಅದೇ ಬೆರಳಿನಿಂದ ಮೊಬೈಲು ಹಿಡಿದರೆ ಲೆನ್ಸಿನ ಮೇಲೆ ಎಣ್ಣೆಯ ತೆಳು ಪದರ ಕೂರುತ್ತದೆ. ಮುಂದಿನ ಎಲ್ಲ ಫೋಟೊಗಳಲ್ಲೂ ಪ್ರತಿ ದೀಪದಿಂದ ಓರೆಗೆರೆ ಹೊರಟು ಇಡೀ ಚಿತ್ರಕ್ಕೆ ಮಂಜು ಕವಿದಂತಾಗಿರುತ್ತದೆ. ಕತ್ತಲಲ್ಲಿ ಸ್ಕ್ರೀನ್ ನೋಡಿದರೆ ಇದು ಗೊತ್ತೇ ಆಗದು. ಆದ್ದರಿಂದ ಫೋಟೊ ಮೊದಲು, ಮುಟ್ಟುವುದು ಆಮೇಲೆ. ಕೈ ಒರೆಸಲು ಒಂದು ಬಟ್ಟೆ, ಲೆನ್ಸಿಗೆ ಬೇರೆಯೇ ಮೈಕ್ರೋಫೈಬರ್ ಬಟ್ಟೆ, ಅದೂ ಪ್ಲಾಸ್ಟಿಕ್ ಚೀಲದೊಳಗೆ ಇರಲಿ.

ಕಲ್ವಾರಿ

ಬಾಗಿಲಿನ ಬಲಕ್ಕೇ ಕಡಿದಾದ ಮೆಟ್ಟಿಲು. ಮೇಲೆ ಅಕ್ಕಪಕ್ಕದಲ್ಲಿ ಎರಡು ಪ್ರಾರ್ಥನಾಲಯಗಳಿವೆ: ಬಲಗಡೆ ಕಥೋಲಿಕರದು, ಎಡಗಡೆ ಗ್ರೀಕರದು. ಯೇಸುವಿನ ಕೊನೆಯ ಪಯಣವನ್ನು ನೆನೆಯುವ ಶಿಲುಬೆ ಹಾದಿಯ 10ರಿಂದ 13ನೇ ಸ್ಥಳಗಳು ಇಲ್ಲೇ ಬರುವುದರಿಂದ ತಂಡಗಳೆಲ್ಲ ಇಲ್ಲಿ ಕಿಕ್ಕಿರಿಯುತ್ತವೆ.

ಗ್ರೀಕ್ ಪೀಠದ ಬೆಳಕು ಮೋಸದ್ದು. ಬೆಳ್ಳಿಯ ತಗಡು, ತೂಗುವ ದೀಪಗಳ ಗೊಂಚಲು, ಅಕ್ಕಪಕ್ಕದಲ್ಲಿ ಬಂಡೆಯನ್ನು ಮುಚ್ಚಿದ ಗಾಜು, ಎಲ್ಲವೂ ಹೊಳೆಯುತ್ತವೆ. ಮೀಟರು ಅದನ್ನೇ ನಂಬಿದರೆ ಜನರೆಲ್ಲ ಕಪ್ಪು ಆಕೃತಿಗಳಾಗುತ್ತಾರೆ. ಚಿತ್ರದ ಒಂದು ಚುಕ್ಕೆಯಷ್ಟರ ಬೆಳಕನ್ನೇ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಬದಲಿಸಿ, ಶಿಲುಬೆಯಲ್ಲಿರುವ ಯೇಸುವಿನ ಮೈಬಣ್ಣದ ಮೇಲೆ ಅಳೆದು, ಎಕ್ಸ್‌ಪೋಶರ್ ಲಾಕ್ ಮಾಡಿಕೊಳ್ಳಿ. ಐಎಸ್‌ಒ 3200, ಎಫ್ 2.8, 1/50 ಆಸುಪಾಸಿಗೆ ಬರುತ್ತದೆ. ಪೀಠದ ಕೆಳಗಿನ ರಂಧ್ರದೊಳಗೆ ಕೈಯಿಟ್ಟು ಬಂಡೆ ಮುಟ್ಟಲು ಜನ ಒಬ್ಬೊಬ್ಬರಾಗಿ ತೆವಳುತ್ತಾರೆ. ಆ ಕ್ಷಣ ಅಪರಿಚಿತರ ಮುಖಕ್ಕೆ ಲೆನ್ಸ್ ಹಿಡಿಯುವುದು ತರವಲ್ಲ. ನಿಮ್ಮವರದೇ ಬೇಕಿದ್ದರೆ ಸಾಲಿನಿಂದ ಹೊರಗೆ, ಪಕ್ಕದ ಕಂಬದ ಬಳಿ ಮೊದಲೇ ನಿಂತು ಫೋಕಸ್ ಮಾಡಿಟ್ಟುಕೊಳ್ಳಿ. ಸಿಗುವುದು ಕೆಲವೇ ಸೆಕೆಂಡು.

ಕಥೋಲಿಕರ ಭಾಗವನ್ನು 1937ರಲ್ಲಿ ವಾಸ್ತುಶಿಲ್ಪಿ ಅಂತೋನಿಯೊ ಬಾರ್ಲುಝಿ ನವೀಕರಿಸಿದರು. ಗೋಡೆ, ಛಾವಣಿಯ ಮೊಸಾಯಿಕ್ ಬಹುಪಾಲು ಆಗಿನದು. ಛಾವಣಿಯಲ್ಲಿರುವ ಯೇಸುವಿನ ಸ್ವರ್ಗಾರೋಹಣದ ಒಂದು ವೃತ್ತ ಮಾತ್ರ 12ನೇ ಶತಮಾನದ್ದು. ಅದಕ್ಕೆ 85 ಮಿ.ಮೀ. ಬೇಕು. ಚಿನ್ನದ ಬಣ್ಣದ ಗಾಜಿನ ತುಣುಕುಗಳನ್ನು ಬೇರೆ ಬೇರೆ ಕೋನದಲ್ಲಿ ಕೂರಿಸಿರುವುದರಿಂದ ಒಂದಡಿ ಆಚೀಚೆ ಸರಿದರೆ ಮಂಕಾಗಿದ್ದದ್ದು ಹೊಳೆಯುತ್ತದೆ. ಎರಡು ಹೆಜ್ಜೆ ಸರಿದು ನೋಡಿಯೇ ಶಟರ್ ಒತ್ತಿ.

ಮೆಟ್ಟಿಲಿಳಿದರೆ ಕಲ್ವಾರಿಯ ಕೆಳಗೇ ಆದಾಮನ ಪ್ರಾರ್ಥನಾಲಯ. ಬಂಡೆಯ ಬಿರುಕು ಗಾಜಿನ ಹಿಂದೆ ಕಾಣುತ್ತದೆ. ದೂರದಿಂದ ತೆಗೆದರೆ ನಿಮ್ಮದೇ ಪ್ರತಿಬಿಂಬ ಬರುತ್ತದೆ. ಮೊಬೈಲನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದರೆ ಆಯಿತು, ದೊಡ್ಡ ಕ್ಯಾಮೆರಾಗಿಂತ ಇಲ್ಲಿ ಅದೇ ವಾಸಿ.

ಸಮಾಧಿ ಮತ್ತು ಗುಮ್ಮಟದಡಿ

ವೃತ್ತಾಕಾರದ ಹಜಾರದ ನಡುವೆ ಸಮಾಧಿಯ ಮೇಲೆ ಕಟ್ಟಿದ ಪುಟ್ಟ ಮಂಟಪವಿದೆ. ಈಗಿನ ರೂಪ 1810ರದು. 1947ರಲ್ಲಿ ಬ್ರಿಟಿಷರು ಬಿಗಿದಿದ್ದ ಕಬ್ಬಿಣದ ತೊಲೆಗಳು 2017ರ ಮಾರ್ಚಿನಲ್ಲಿ ಮುಗಿದ ಜೀರ್ಣೋದ್ಧಾರದೊಂದಿಗೆ ಹೋದವು. ಅಥೆನ್ಸಿನ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಆ ಕೆಲಸ ಮಾಡಿತು. ಹಳೆಯ ಫೋಟೊಗಳ ಮಸಿಬಣ್ಣ ನೋಡಿ ಹೋದವರಿಗೆ ಈಗಿನ ತಿಳಿಗುಲಾಬಿ ಛಾಯೆಯ ಕಲ್ಲು ಅಚ್ಚರಿ ಹುಟ್ಟಿಸುತ್ತದೆ. ಎಕ್ಸ್‌ಪೋಶರಿಗೂ ಇದರಿಂದ ಅನುಕೂಲ, ತಿಳಿಬಣ್ಣದ ಕಲ್ಲು ಬೆಳಕನ್ನು ಹಿಂದಕ್ಕೆ ಕೊಡುತ್ತದೆ.

ಮಂಟಪದ ಮುಖ ಪೂರ್ವಕ್ಕೆ. ಕ್ಯಾಥೊಲಿಕಾನಿನ ಕಮಾನಿನ ಬಳಿ ಬೆನ್ನು ಆನಿಸಿ ನಿಂತರೆ ಮಂಟಪ, ದೊಡ್ಡ ದೀಪಸ್ತಂಭಗಳು, ಗುಮ್ಮಟದ ಅಂಚು ಒಂದೇ ಚೌಕಟ್ಟಿಗೆ ಬರುತ್ತವೆ. ಕ್ಯಾಮೆರಾ ಮೇಲಕ್ಕೆತ್ತಿದರೆ ಮಂಟಪ ಹಿಂದಕ್ಕೆ ಬೀಳುತ್ತಿರುವಂತೆ ವಾಲುತ್ತದೆ. ವೈಡ್ ಲೆನ್ಸನ್ನು ಮಟ್ಟವಾಗಿ, ಲಂಬ ಚೌಕಟ್ಟಿನಲ್ಲಿ ಹಿಡಿದು, ಕೆಳಗಿನ ಜನರ ತಲೆಗಳನ್ನು ಆಮೇಲೆ ಕತ್ತರಿಸಿ. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡುವವರು ನಾಲ್ಕೂ ಕಡೆ ಧಾರಾಳ ಜಾಗ ಬಿಟ್ಟು ತೆಗೆಯಬೇಕು, ಇಲ್ಲವಾದರೆ ನೆಟ್ಟಗಾಗುವಾಗ ಮೇಲಿನ ಈರುಳ್ಳಿ ಗುಮ್ಮಟವೇ ಕತ್ತರಿಸಿಹೋಗುತ್ತದೆ. ಐಎಸ್‌ಒ 3200, ಎಫ್ 4, 1/50.

ಗುಮ್ಮಟದ ನೆತ್ತಿಯ ಗವಾಕ್ಷಕ್ಕೂ ನೆಲಕ್ಕೂ ಇರುವ ಬೆಳಕಿನ ಅಂತರವನ್ನು ಒಂದು ಫ್ರೇಮ್ ಹಿಡಿಯಲಾರದು. ಎರಡೆರಡು ಸ್ಟಾಪ್ ಅಂತರದ ಮೂರು ಫ್ರೇಮ್ ಬ್ರ್ಯಾಕೆಟಿಂಗ್ (ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನ ಮಟ್ಟದಲ್ಲಿ ತೆಗೆದು ಆಮೇಲೆ ಬೆಸೆಯುವುದು) ಮಾಡಬಹುದು. ಸಾಲು ಸರಿಯುತ್ತಲೇ ಇರುವುದರಿಂದ ಬೆಸೆದಾಗ ಜನರು ಅರೆಪಾರದರ್ಶಕ ದೆವ್ವಗಳಾಗುತ್ತಾರೆ. ಆಗ ನೆಲ, ಜನ ಎಲ್ಲವನ್ನೂ ನಡುವಿನ ಒಂದೇ ಫ್ರೇಮಿನಿಂದ ಉಳಿಸಿಕೊಂಡು, ಗುಮ್ಮಟವನ್ನು ಮಾತ್ರ ಕಡಿಮೆ ಬೆಳಕಿನ ಫ್ರೇಮಿನಿಂದ ತೆಗೆದುಕೊಳ್ಳಿ. ಹೆಚ್ಚು ಬೆಳಕಿನ ಮೂರನೆಯದು ಬಹಳ ಸಲ ಬೇಕಾಗುವುದೇ ಇಲ್ಲ.

ಎಲ್ಲರೂ ಆಸೆಪಡುವ ಬೆಳಕಿನ ಕೋಲು ಗವಾಕ್ಷದಿಂದ ಇಳಿಯುವುದು ಬಿಸಿಲಿರುವ ದಿನ, ಸೂರ್ಯ ನೆತ್ತಿಯ ಕಡೆಗಿರುವಾಗ. ಜೆರುಸಲೇಮಿನಲ್ಲಿ ಸೂರ್ಯ ಅತಿ ಎತ್ತರ ಏರುವುದು ಚಳಿಗಾಲದ ಗಡಿಯಾರದಲ್ಲಿ ಸುಮಾರು 11:40ಕ್ಕೆ, ಬೇಸಿಗೆ ಗಡಿಯಾರದಲ್ಲಿ 12:40ಕ್ಕೆ, ಕಾಲು ಗಂಟೆ ಹೆಚ್ಚು ಕಡಿಮೆ. ಜೂನ್ ಕೊನೆಯಲ್ಲಿ ಅದರ ಎತ್ತರ 82 ಡಿಗ್ರಿ ಹತ್ತಿರ, ಕೋಲು ನೆಟ್ಟಗೆ ಇಳಿಯುತ್ತದೆ. ಡಿಸೆಂಬರಿನಲ್ಲಿ 35 ಡಿಗ್ರಿ ಮಾತ್ರ, ಕೋಲು ಓರೆಯಾಗಿ ಉತ್ತರದ ಗೋಡೆಯ ಮೇಲ್ಭಾಗಕ್ಕೇ ಬೀಳುತ್ತದೆ. ಡಿಸೆಂಬರಿನಲ್ಲಿ ಹೋಗಿ ನೆಲದ ಮೇಲೆ ಕೋಲು ಹುಡುಕಿದರೆ ಸಿಗದು. ಕೋಲು ಕಣ್ಣಿಗೆ ಕಾಣಬೇಕಾದರೆ ಗಾಳಿಯಲ್ಲಿ ಧೂಪದ ಹೊಗೆ ಬೇಕು, ಅಂದರೆ ಪೂಜೆ ಮುಗಿದ ಹೊತ್ತು. ಹೊಗೆಯ ಕಣ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುವುದರಿಂದ ಉತ್ತರ ಬದಿಯಲ್ಲಿ ನಿಂತು ದಕ್ಷಿಣಕ್ಕೆ ನೋಡಿ. ಅದೇ ಕೋಲು ಎದುರು ಬದಿಯಿಂದ ಅರ್ಧ ಮಂಕಾಗಿ ಕಾಣುತ್ತದೆ. ಕಾಂಪೆನ್ಸೇಶನ್ ಮೈನಸ್ 2.

ಸಮಾಧಿಯ ಒಳಕೋಣೆಯಲ್ಲಿ ಫೋಟೊ ತೆಗೆಯಲು ಬಿಡುವುದಿಲ್ಲ. 43 ದೀಪಗಳು ತೂಗುವ ಆ ಇಕ್ಕಟ್ಟಿನಲ್ಲಿ ಮೂರ್ನಾಲ್ಕು ಜನ ಕ್ಷಣಮಾತ್ರ ನಿಲ್ಲುತ್ತಾರೆ. ಬಾಗಿಲು ತಗ್ಗು, ಕತ್ತಿಗೆ ತೂಗಿದ ಕ್ಯಾಮೆರಾ ಬಗ್ಗುವಾಗ ಮುಂದಕ್ಕೆ ತೂಗಿ ಅಮೃತಶಿಲೆಗೆ ಬಡಿಯುತ್ತದೆ. ಸಾಲು ಹತ್ತಿರವಾಗುತ್ತಿದ್ದಂತೆ ಚೀಲಕ್ಕೆ ಹಾಕಿಬಿಡಿ.

ಸಂಜೆ, ಗುಮ್ಮಟದ ಹಗಲು ಆರಿದ ಮೇಲೆ, ಇಡೀ ಹಜಾರದ ಬೆಳಕು ಒಂದೇ ಬಣ್ಣಕ್ಕೆ ಬರುತ್ತದೆ. ವೈಟ್ ಬ್ಯಾಲೆನ್ಸಿನ (ಬೆಳಕಿನ ಬಣ್ಣಕ್ಕೆ ಚಿತ್ರವನ್ನು ಹೊಂದಿಸುವ) ಜಂಜಾಟವಿಲ್ಲದೆ ಮಂಟಪದ ಫೋಟೊ ಬೇಕಿದ್ದವರಿಗೆ ಅದೇ ಸಮಯ.

ಕತ್ತಲ ಮೂಲೆಗಳು

ಪೂರ್ವದಂಚಿನಲ್ಲಿ 29 ಮೆಟ್ಟಿಲು ಇಳಿದರೆ ಅರ್ಮೇನಿಯನ್ನರ ಸಂತ ಹೆಲೆನಾ ಪ್ರಾರ್ಥನಾಲಯ. ಇಳಿಯುವ ದಾರಿಯ ಗೋಡೆ ತುಂಬ ಸಣ್ಣ ಸಣ್ಣ ಶಿಲುಬೆಗಳನ್ನು ಕೆತ್ತಿದ್ದಾರೆ. ಎದುರಿನಿಂದ ಬೆಳಕು ಬಿದ್ದರೆ ಅವು ಕಾಣುವುದೇ ಇಲ್ಲ. ಗೋಡೆಗೆ ಕೆನ್ನೆ ತಾಗುವಂತೆ ನಿಂತು, ಬೆಳಕು ಬರುವ ಕಡೆಗೆ ಓರೆಯಾಗಿ ನೋಡಿ, ಎಫ್ 4ರಲ್ಲಿ ಮುಂದಿನ ಮೂರನೇ ಒಂದು ಭಾಗಕ್ಕೆ ಫೋಕಸ್ ಮಾಡಿ; ಪ್ರತಿ ಶಿಲುಬೆಯ ಅಂಚಿಗೂ ನೆರಳು ಮೂಡುತ್ತದೆ. ಇನ್ನೂ ಕೆಳಗೆ ಯೇಸುವಿನ ಶಿಲುಬೆ ಸಿಕ್ಕಿತೆಂದು ನಂಬುವ ಗುಹೆ, ಮಂಟಪದ ಹಿಂದೆ ಹೊಗೆಗಪ್ಪಾದ ಸಿರಿಯನ್ನರ ಪ್ರಾರ್ಥನಾಲಯ. ಎರಡೂ ಕಡೆ ಐಎಸ್‌ಒ 6400, ಎಫ್ 2, 1/50. ಆಟೊಫೋಕಸ್ ಹಿಂದೆಮುಂದೆ ತಡಕಾಡತೊಡಗಿದರೆ ದೀಪದ ಸರಪಳಿ ಗಾಜಿಗೆ ಸೇರುವ ಅಂಚಿಗೆ ಹಿಡಿಯಿರಿ, ಜ್ವಾಲೆಗೆ ಬೇಡ.

ಮೊಬೈಲಿನಲ್ಲಿ

ಮುಖ್ಯ ಕ್ಯಾಮೆರಾ, ಅಂದರೆ 1 ಎಕ್ಸ್, ಬಿಟ್ಟು ಕದಲಬೇಡಿ. ಅಲ್ಟ್ರಾವೈಡ್‌ಗಳ ಸೆನ್ಸರ್ ಸಾಮಾನ್ಯವಾಗಿ ಚಿಕ್ಕದು, ಈ ಕತ್ತಲಲ್ಲಿ ಕಲ್ಲೆಲ್ಲ ಮೇಣ ಮೆತ್ತಿದಂತಾಗುತ್ತದೆ. 3 ಎಕ್ಸ್ ಒತ್ತಿದರೂ ಬೆಳಕು ಕಡಿಮೆಯಿದ್ದಾಗ ಹಲವು ಫೋನ್‌ಗಳು ಹೇಳದೆ ಕೇಳದೆ ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಹಿಗ್ಗಿಸುತ್ತವೆ. ಟೆಲಿ ಲೆನ್ಸಿನ ಮೇಲೆ ಬೆರಳಿಟ್ಟು ನೋಡಿ: ಸ್ಕ್ರೀನ್ ಕಪ್ಪಾಗದಿದ್ದರೆ ಅದು ಕೆಲಸ ಮಾಡುತ್ತಿಲ್ಲ ಎಂದರ್ಥ.

ಬೇಕಾದ ಜಾಗದ ಮೇಲೆ ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ನಂತರ ಪಕ್ಕದ ಸೂರ್ಯನ ಚಿಹ್ನೆಯನ್ನು, ದೀಪದ ಗಾಜಿನ ಬಣ್ಣ ಮರಳುವವರೆಗೆ ಕೆಳಗೆಳೆಯಿರಿ. ನೈಟ್ ಮೋಡ್ ಗೋಡೆ, ಮೊಸಾಯಿಕ್, ಗುಮ್ಮಟಕ್ಕೆ ಚೆನ್ನ. ಜನ ಇದ್ದಲ್ಲಿ ಆರಿಸಿಬಿಡಿ, ಮೂರು ಸೆಕೆಂಡಿನಲ್ಲಿ ಮೂರು ತಲೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಊರಿಗೆ ಬಂದ ಮೇಲೆ

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆದರೆ ಹಗಲು ಸುಮಾರು 5500, ಬಲ್ಬು 2700ರಿಂದ 3000, ಮೇಣದಬತ್ತಿ 1900ರ ಆಸುಪಾಸು. ಒಂದೇ ವೈಟ್ ಬ್ಯಾಲೆನ್ಸ್ ಎಲ್ಲಕ್ಕೂ ಹೊಂದುವುದಿಲ್ಲ. ಇಡೀ ಚಿತ್ರವನ್ನು 3400 ಹತ್ತಿರ ನಿಲ್ಲಿಸಿ, ಗುಮ್ಮಟಕ್ಕೆ ಒಂದು ಮಾಸ್ಕ್ (ಆ ಭಾಗವನ್ನಷ್ಟೇ ತಿದ್ದಲು ಆರಿಸುವ ಸಾಧನ) ಹಾಕಿ ನೀಲಿಯನ್ನು ಅರ್ಧದಷ್ಟು ಮಾತ್ರ ತಗ್ಗಿಸಿ. ಲೈಟ್‌ರೂಮ್, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಎರಡರಲ್ಲೂ ಇದು ಸಾಧ್ಯ. ಮುಖಗಳು ಇನ್ನೂ ಕಿತ್ತಳೆಯಾಗಿದ್ದರೆ ವೈಟ್ ಬ್ಯಾಲೆನ್ಸ್ ಎಳೆದಾಡದೆ ಕಿತ್ತಳೆ ಬಣ್ಣದ ಸ್ಯಾಚುರೇಶನ್ ಹತ್ತು ಹದಿನೈದು ಅಂಕ ಇಳಿಸಿ. ನೆರಳನ್ನು ಎತ್ತುವುದಾದರೆ ಒಂದೂವರೆ ಸ್ಟಾಪಿನ ಒಳಗೇ ಇರಲಿ. ಅದಕ್ಕೂ ಮೀರಿದರೆ ಕಪ್ಪು ಜಾಗದಲ್ಲಿ ನೇರಳೆ ಕಾಳುಗಳು ಏಳುತ್ತವೆ. ನಾಯ್ಸ್ (ಚಿತ್ರದ ಕಾಳುಕಾಳು) ತೆಗೆಯುವಾಗ ಬಣ್ಣದ ನಾಯ್ಸ್ ಪೂರ್ತಿ ತೆಗೆಯಿರಿ, ಬೂದು ಕಾಳನ್ನು ಅರ್ಧ ಉಳಿಸಿ, ಕಲ್ಲಿನ ಒರಟುತನ ಅದರಲ್ಲೇ ಇರುತ್ತದೆ. ಮನೆಯಲ್ಲಿ ತೂಗುಹಾಕಲು ಪ್ರಿಂಟ್ ಹಾಕಿಸುವವರು ಸ್ಟುಡಿಯೋಗೆ ಕೊಡುವ ಪ್ರತಿಯನ್ನು ಸ್ಕ್ರೀನಿಗಿಂತ ಅರ್ಧ ಸ್ಟಾಪ್ ಬೆಳಗಿಸಿ ಕೊಡಿ. ಕಾಗದದ ಮೇಲೆ ಈ ಕಪ್ಪುಗಳೆಲ್ಲ ಇನ್ನೊಂದು ಸುತ್ತು ಗಾಢವಾಗುತ್ತವೆ. ಮೊದಲು ಒಂದು ಚಿಕ್ಕ ಪ್ರತಿ ಹಾಕಿಸಿ, ಅದನ್ನು ತೂಗುಹಾಕುವ ಗೋಡೆಯ ಬಳಿಯೇ ಹಿಡಿದು ನೋಡಿ, ಆಮೇಲೆ ದೊಡ್ಡದಕ್ಕೆ ದುಡ್ಡು ಕೊಡಿ.